ಓಸಿಬಿ: ಆಫರ್ ಲೆಟರ್‌ನಲ್ಲಿ ಬರೆಯದ ಕೆಲಸ

ಕೆಲಸ ನಿಲ್ಲಿಸದೆಯೇ ಮಾಡುವ ಒಂದು ಮುಷ್ಕರ ಇದೆ. ಎಲ್ಲರೂ ಹೊತ್ತಿಗೆ ಸರಿಯಾಗಿ ಬರುತ್ತಾರೆ. ನಿಯಮದಲ್ಲಿ ಬರೆದದ್ದನ್ನು ಒಂದಕ್ಷರ ಬಿಡದೆ ಪಾಲಿಸುತ್ತಾರೆ. ಅದಕ್ಕಿಂತ ಒಂದು ಕಡ್ಡಿಯನ್ನೂ ಜಾಸ್ತಿ ಎತ್ತಿಡುವುದಿಲ್ಲ, ಅಷ್ಟೇ. ಇದಕ್ಕೆ ವರ್ಕ್ ಟು ರೂಲ್ ಅನ್ನುತ್ತಾರೆ. ತಮಾಷೆ ನೋಡಿ, ಯಾರೂ ಏನೂ ತಪ್ಪು ಮಾಡಿರುವುದಿಲ್ಲ, ಆದರೂ ಕೆಲಸ ಕುಂಟತೊಡಗುತ್ತದೆ. ಅಂದರೆ ಇಷ್ಟು ದಿನ ಸಂಸ್ಥೆಯನ್ನು ಓಡಿಸುತ್ತಿದ್ದದ್ದು ಬರೀ ನಿಯಮ ಅಲ್ಲ. ನಿಯಮದಲ್ಲಿ ಇಲ್ಲದ ಇನ್ನೇನೋ ಇತ್ತು.

ಆ ‘ಇನ್ನೇನೋ’ಗೆ ಇಟ್ಟ ಹೆಸರೇ ಆರ್ಗನೈಸೇಷನಲ್ ಸಿಟಿಜನ್‌ಶಿಪ್ ಬಿಹೇವಿಯರ್, ಚಿಕ್ಕದಾಗಿ ಓಸಿಬಿ. ಸಂಸ್ಥೆಯೊಳಗಿನ ಪೌರ ನಡವಳಿಕೆ ಅಂತ ಕನ್ನಡ ಮಾಡಬಹುದು. ಆದರೆ ಹಾಗಂದರೆ ನಗರಸಭೆ ನೆನಪಾಗುತ್ತದೆ! ಓಸಿಬಿ ಅಂತಲೇ ಇಟ್ಟುಕೊಳ್ಳೋಣ.

ಇದರ ಹಿಂದೆ ಒಂದು ಹಳೆಯ ಜಗಳ ಇದೆ. ಖುಷಿಯಾಗಿರುವ ನೌಕರ ಜಾಸ್ತಿ ಕೆಲಸ ಮಾಡುತ್ತಾನೆ ಅಂತ ಮ್ಯಾನೇಜರುಗಳು ನಂಬಿದ್ದರು. ಸಂಶೋಧಕರು ಅಳೆದು ನೋಡಿದರೆ ಸಂಬಂಧ ಅಷ್ಟೇನೂ ಗಟ್ಟಿಯಾಗಿ ಸಿಗುತ್ತಿರಲಿಲ್ಲ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಡೆನ್ನಿಸ್ ಆರ್ಗನ್ ಅವರಿಗೆ ಬೇರೆಯೇ ಒಂದು ಅನುಮಾನ ಬಂತು. ಮ್ಯಾನೇಜರು ‘ಒಳ್ಳೆಯ ಕೆಲಸ’ ಅನ್ನುವಾಗ ಎಷ್ಟು ಪೀಸ್ ತಯಾರಾಯಿತು ಅನ್ನುವ ಲೆಕ್ಕವೊಂದನ್ನೇ ಹೇಳುತ್ತಿಲ್ಲವೇನೋ? ಹೊಸಬರಿಗೆ ಕೆಲಸ ಹೇಳಿಕೊಡುವುದು, ರಜೆ ಹಾಕಿದವರ ಕೆಲಸಕ್ಕೆ ಕೈಜೋಡಿಸುವುದು, ಸಣ್ಣಪುಟ್ಟದ್ದಕ್ಕೆಲ್ಲ ರಂಪ ಮಾಡದೇ ಇರುವುದು, ಇವೂ ಆ ಮಾತಿನಲ್ಲಿ ಸೇರಿರಬೇಕು. 1983ರಲ್ಲಿ ಅವರೂ ಅವರ ಜೊತೆಗಾರರೂ ಪ್ರಕಟಿಸಿದ ಅಧ್ಯಯನಗಳಿಂದ ಈ ಹೆಸರು ಚಾಲ್ತಿಗೆ ಬಂತು. 1988ರಲ್ಲಿ ಆರ್ಗನ್ ಇದಕ್ಕೆ ಸರಿಯಾದ ವ್ಯಾಖ್ಯೆ ಕೊಟ್ಟರು: ಯಾರೂ ಹೇಳದೆ ತಾನಾಗಿ ಮಾಡುವ ಕೆಲಸ, ಅದಕ್ಕೆ ನೇರವಾದ ಪ್ರತಿಫಲ ಗೊತ್ತುಮಾಡಿರುವುದಿಲ್ಲ, ಆದರೆ ಎಲ್ಲ ಕೂಡಿದಾಗ ಸಂಸ್ಥೆ ಚೆನ್ನಾಗಿ ನಡೆಯುತ್ತದೆ.

ಇದರಲ್ಲಿ ಐದು ಬಗೆ ಹೇಳುತ್ತಾರೆ. ನೆರವು, ಶ್ರದ್ಧೆ, ಸಹನೆ, ಸಂಸ್ಥೆಯ ಆಗುಹೋಗುಗಳಲ್ಲಿ ಆಸಕ್ತಿ, ಇವೆಲ್ಲ ಹೆಸರಲ್ಲೇ ಅರ್ಥವಾಗುತ್ತವೆ. ನನಗೆ ಇಷ್ಟವಾದದ್ದು ಐದನೆಯದು, ಸೌಜನ್ಯ. ಇಲ್ಲಿ ಸೌಜನ್ಯ ಅಂದರೆ ನಯವಾಗಿ ಮಾತಾಡುವುದಲ್ಲ. ತೊಂದರೆ ಆದಮೇಲೆ ಓಡಿಬಂದರೆ ಅದು ನೆರವು, ಆಗದ ಹಾಗೆ ಮೊದಲೇ ನೋಡಿಕೊಂಡರೆ ಅದು ಸೌಜನ್ಯ. ‘ನಾಳೆ ಈ ಫೈಲ್ ಬದಲಾಯಿಸುತ್ತಿದ್ದೇನೆ, ನಿಮ್ಮ ಲೆಕ್ಕಕ್ಕೆ ತೊಂದರೆ ಆಗುತ್ತಾ ನೋಡಿಕೊಳ್ಳಿ’ ಅಂತ ಹಿಂದಿನ ದಿನವೇ ಒಂದು ಮಾತು ಹೇಳುವವರು ಇರುತ್ತಾರಲ್ವಾ, ಅವರು. ಇದಕ್ಕೆ ಶಹಬ್ಬಾಸ್ ಸಿಗುವುದು ಅಪರೂಪ. ಆಗದೇ ಹೋದ ಎಡವಟ್ಟು ಯಾರ ಕಣ್ಣಿಗೆ ಬೀಳುತ್ತದೆ?

ಸರಿ, ಜನ ಇದನ್ನೆಲ್ಲ ಯಾಕೆ ಮಾಡುತ್ತಾರೆ? ಜಾಸ್ತಿ ಸಂಬಳ ಕೊಟ್ಟರೆ ಮಾಡುತ್ತಾರೆ ಅನ್ನಿಸಬಹುದು. 1991ರಲ್ಲಿ ರಾಬರ್ಟ್ ಮೂರ್ಮನ್ ಪ್ರಕಟಿಸಿದ ಅಧ್ಯಯನ ಬೇರೆ ಕಡೆ ಬೆರಳು ತೋರಿಸಿತು. ಯಾರಿಗೆ ಎಷ್ಟು ಸಿಕ್ಕಿತು ಅನ್ನುವುದಕ್ಕೂ ಓಸಿಬಿಗೂ ನಂಟು ಕಾಣಲಿಲ್ಲ. ಆ ತೀರ್ಮಾನ ಮಾಡುವಾಗ ಮೇಲಿನವರು ತಮ್ಮನ್ನು ಹೇಗೆ ನಡೆಸಿಕೊಂಡರು, ಅದರಲ್ಲಿ ನ್ಯಾಯ ಇತ್ತೋ ಇಲ್ಲವೋ ಅನ್ನುವುದಕ್ಕೆ ನಂಟು ಕಂಡಿತು. ಯೋಚಿಸಿದರೆ ಇದು ಸಹಜವೇ. ಮೋಸ ಹೋದೆ ಅನ್ನಿಸಿದವರು ಒಪ್ಪಂದದ ಕೆಲಸ ಬಿಡಲಾರರು, ಬಿಟ್ಟರೆ ಕೆಲಸ ಹೋಗುತ್ತದೆ. ಹೇಳದೆ ಮಾಡುತ್ತಿದ್ದದ್ದನ್ನು ಮಾತ್ರ ಹೇಳದೆಯೇ ನಿಲ್ಲಿಸಬಹುದು. ಒಳ್ಳೆಯ ಆಫೀಸು ಅಂದರೆ ಯಾವುದು ಅಂತ ಕೇಳಿದರೆ ನಾನು ಕ್ಯಾಂಟೀನನ್ನಾಗಲಿ ಆಟದ ಕೋಣೆಯನ್ನಾಗಲಿ ನೋಡುವುದಿಲ್ಲ. ಹೇಳದೆ ನಡೆಯುವ ಕೆಲಸ ಅಲ್ಲಿ ಎಷ್ಟಿದೆ ಅಂತ ನೋಡುತ್ತೇನೆ.

ಇಲ್ಲೇ ಒಂದು ಕೊಕ್ಕೆ ಇದೆ. ಓಸಿಬಿ ಒಳ್ಳೆಯದು ಅಂತ ಗೊತ್ತಾದ ಕೂಡಲೇ ಮೇಲಿನವರಿಗೆ ಅದನ್ನು ಕಡ್ಡಾಯ ಮಾಡುವ ಆಸೆ ಹುಟ್ಟುತ್ತದೆ. ‘ನಾವೆಲ್ಲ ಒಂದೇ ಕುಟುಂಬ’ ಅಂತ ಶುರುವಾಗಿ, ಆರು ಗಂಟೆಗೆ ಬ್ಯಾಗ್ ಎತ್ತಿದವರನ್ನು ಓರೆಗಣ್ಣಿನಿಂದ ನೋಡುವ ತನಕ ಹೋಗುತ್ತದೆ. ಇದರ ಬಗ್ಗೆ ಸಂಶೋಧಕ ಎರಾನ್ ವಿಗೋಡಾ-ಗಡೋಟ್ 2006ರಲ್ಲಿ ಕಂಪಲ್ಸರಿ ಸಿಟಿಜನ್‌ಶಿಪ್ ಅನ್ನುವ ಹೆಸರಿನಲ್ಲಿ ಬರೆದರು. ಸುಮ್ನೆ ಹೇಳುವುದಾದರೆ, ಬಿಟ್ಟಿ ಚಾಕರಿ.

ಆಮೇಲೆ, ಪ್ರತಿಫಲ ಇಲ್ಲ ಅನ್ನುವ ಮಾತನ್ನು ಆರ್ಗನ್ ಅವರೇ 1997ರಲ್ಲಿ ತಿದ್ದಿಕೊಂಡರು. ಅಪ್ರೈಸಲ್ ಬರೆಯುವಾಗ ಮ್ಯಾನೇಜರುಗಳು ಇಂಥ ನೆರವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಲ್ಲ! ಆದರೆ ಎಲ್ಲರದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 2005ರಲ್ಲಿ ಮ್ಯಾಡಲಿನ್ ಹೈಲ್‌ಮನ್ ಮತ್ತು ಜೂಲಿ ಚೆನ್ ಪ್ರಯೋಗ ಮಾಡಿ ನೋಡಿದರು. ಗಂಡಸು ಸಹೋದ್ಯೋಗಿಗೆ ನೆರವಾದರೆ ಅವನಿಗೆ ಜಾಸ್ತಿ ಅಂಕ ಬಂತು. ಹೆಂಗಸು ಅದೇ ನೆರವು ಕೊಟ್ಟರೆ ಅಂಕ ಏರಲಿಲ್ಲ, ಕೊಡದಿದ್ದರೆ ಮಾತ್ರ ಇಳಿಯಿತು.