ಡಬಲ್ ಗಿಲೀಟಿನ ಆಲೂಗಡ್ಡೆ

ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಹಳೇ ಕಲ್ಲು ಸೇತುವೆ ಇದೆ. 1804ರಲ್ಲಿ ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ, ಹೆಸರು ಮಾತ್ರ ವೆಲ್ಲೆಸ್ಲಿ ಸೇತುವೆ. ಆ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯನ್ನು ನಾವು ಸುಮ್ನೆ ಇಂಗ್ಲಿಷಿನವನು ಅಂದುಬಿಡುತ್ತೇವೆ. ಅವನು ಐರ್ಲೆಂಡಿನವನು.

ಮನೆತನದ ಹೆಸರೇ ಎರವಲು. ರಿಚರ್ಡ್ ಕಾಲಿ ಎಂಬ ಅವನ ಅಜ್ಜನಿಗೆ 1728ರಲ್ಲಿ ನೆಂಟನೊಬ್ಬನ ಆಸ್ತಿ ಬಂತು. ಷರತ್ತು ಒಂದೇ: ಇನ್ನು ಮುಂದೆ ಕಾಲಿ ಅಲ್ಲ, ವೆಸ್ಲಿ. ದತ್ತು ಹೋದ ಹಾಗೇ ಅಲ್ವಾ? ಅದನ್ನು ವೆಲ್ಲೆಸ್ಲಿ ಅಂತ ಉದ್ದ ಮಾಡಿದ್ದು ಮೊಮ್ಮಗ.

ಅಪ್ಪ ಗ್ಯಾರೆಟ್‌ಗೆ ಸಂಗೀತದ ಹುಚ್ಚು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ಮೊದಲ ಸಂಗೀತ ಪ್ರಾಧ್ಯಾಪಕ ಅವನೇ. 1757ರಲ್ಲಿ ಒಂದು ಸಂಗೀತ ಅಕಾಡೆಮಿ ಕಟ್ಟಿದ, ದುಡ್ಡಿಗೆ ನುಡಿಸುವವರಿಗೆ ಅಲ್ಲಿ ಜಾಗವಿಲ್ಲ! 1760ರಲ್ಲಿ ಅರ್ಲ್ ಆಫ್ ಮಾರ್ನಿಂಗ್ಟನ್ ಎಂಬ ವಂಶಪಾರಂಪರ್ಯ ಪದವಿ ಪಡೆದ. ತಾಳ ತಪ್ಪದವನಿಗೆ ಲೆಕ್ಕ ತಪ್ಪಿತು. 1781ರಲ್ಲಿ ತೀರಿಕೊಂಡಾಗ ಉಳಿದದ್ದು ಪದವಿ ಮತ್ತು ಸಾಲ.

ಆಗ ರಿಚರ್ಡ್‌ಗೆ 20 ವರ್ಷ. ಆಕ್ಸ್‌ಫರ್ಡ್ ಓದು ಬಿಟ್ಟು ಮನೆ ಜವಾಬ್ದಾರಿ ಹೊತ್ತ. ಮೀಥ್ ಕೌಂಟಿಯ ಡಾಂಗನ್ ಎಸ್ಟೇಟೂ ಕೊನೆಗೆ ಕೈಬಿಟ್ಟಿತು. ತಮ್ಮ ಆರ್ಥರ್‌ನದು ಇನ್ನೊಂದು ಗೋಳು. ಕಿಟ್ಟಿ ಪಾಕೆನ್‌ಹ್ಯಾಮ್‌ಳನ್ನು ಮದುವೆಗೆ ಕೇಳಿದ. ಕೈಯಲ್ಲಿ ಕಾಸಿಲ್ಲದ ಹುಡುಗ, ಅವಳ ಮನೆಯವರು ಆಗಲ್ಲ ಅಂದರು. 1793ರಲ್ಲಿ ಆರ್ಥರ್ ತನ್ನ ಪಿಟೀಲುಗಳನ್ನು ಬೆಂಕಿಗೆ ಹಾಕಿದ. ಮತ್ತೆ ಮುಟ್ಟಲಿಲ್ಲ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ.

1799ರ ಮೇ 4ರಂದು ಟಿಪ್ಪು ಸತ್ತ, ಶ್ರೀರಂಗಪಟ್ಟಣ ಬಿತ್ತು. ಲಂಡನ್ನಿನಿಂದ ದೊಡ್ಡ ಬಹುಮಾನ ಬರುತ್ತದೆ ಅಂತ ರಿಚರ್ಡ್ ಕಾದ. ಬಂದದ್ದು ಅರ್ಲ್‌ಗಿಂತ ಒಂದು ಮೆಟ್ಟಿಲು ಮೇಲಿನ ಮಾರ್ಕ್ವಿಸ್ ಪದವಿ, ಅದೂ ಐರಿಷ್ ಪದವಿ. ಬ್ರಿಟನ್ನಿನ ಪದವಿಯ ಮುಂದೆ ಅದಕ್ಕೆ ಮರ್ಯಾದೆ ಕಡಿಮೆ. ಪ್ರಧಾನಿ ಪಿಟ್‌ಗೆ ಬರೆದ ಕಾಗದದಲ್ಲಿ ಉರಿದುಬಿದ್ದ: ಇದು ಡಬಲ್ ಗಿಲೀಟು ಹಾಕಿದ ಆಲೂಗಡ್ಡೆ! ಐರಿಷ್ ಬಡವರ ಹೊಟ್ಟೆ ತುಂಬಿಸುತ್ತಿದ್ದದ್ದೇ ಆಲೂಗಡ್ಡೆ. ಐರ್ಲೆಂಡಿನವನ ಬಾಯಲ್ಲೇ ಈ ಬೈಗುಳ, ನೋಡಿ.

1842ರಲ್ಲಿ ಅವನ ಜೊತೆಗೇ ಆ ಮಾರ್ಕ್ವಿಸ್ ಪದವಿಯೂ ಹೋಯಿತು. ಮಕ್ಕಳಿರಲಿಲ್ಲ ಅಂತಲ್ಲ. ಫ್ರೆಂಚ್ ನಟಿ ಹಯಸಿಂತ್ ರೋಲಾಂಳಿಂದ ಐವರು ಮಕ್ಕಳು, ಆದರೆ ಎಲ್ಲರೂ 1794ರ ಮದುವೆಗೆ ಮೊದಲೇ ಹುಟ್ಟಿದವರು. ಕಾನೂನಿನ ಕಣ್ಣಲ್ಲಿ ವಾರಸುದಾರರಲ್ಲ. ಅಪ್ಪನಿಂದ ಬಂದ ಮಾರ್ನಿಂಗ್ಟನ್ ಪದವಿ ತಮ್ಮ ವಿಲಿಯಂನ ಮನೆ ಸುತ್ತಿ, 1863ರಲ್ಲಿ ಆರ್ಥರ್‌ನ ವಂಶಕ್ಕೆ ಸೇರಿತು. ಆ ಐವರಲ್ಲಿ ಒಬ್ಬಳಾದ ಆನ್‌ಳ ಸಂತತಿಯಲ್ಲೇ ಮುಂದೆ ರಾಣಿ ಎರಡನೇ ಎಲಿಜಬೆತ್ ಹುಟ್ಟಿದರು.