ಇನ್ನೂರು ಪೇಪರ್ ಬರೆದ ಡಾಕ್ಟರು

ದೊಡ್ಡಪ್ಪನಿಗೆ ನಡೆಯುವಾಗ ಸಮತೋಲ ತಪ್ಪುತ್ತಿತ್ತು. ಡೊಂಬಿವಲಿಯಿಂದ ಲೋಕಲ್ ಹಿಡಿದು ಮುಂಬೈಯ ಪರೇಲಿನ ನ್ಯೂರೋ ಡಾಕ್ಟರ ಹತ್ತಿರ ಹೋಗುವುದೆಂದಾಯಿತು. ಹಿಂದಿನ ರಾತ್ರಿ ದೊಡ್ಡಮ್ಮ ಕೇಳಿದರು: “ಅವರು ಇನ್ನೂರು ಪೇಪರ್ ಬರೆದಿದ್ದಾರಂತೆ. ಅಂದ್ರೆ ದೊಡ್ಡ ಡಾಕ್ಟರೇ ಅಲ್ವಾ?”

ಸುಮ್ನೆ ಹೂಂ ಅನ್ನಲು ಮನಸ್ಸು ಬರಲಿಲ್ಲ. ಒಳ್ಳೆಯ ಪ್ರಶ್ನೆ ಅದು.

ಪೇಪರ್ ಅಂದರೆ ಸಂಶೋಧನಾ ಲೇಖನ. ವೈದ್ಯಕೀಯ ಪೇಪರಿನಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ತಂಡ ನಡೆಸಿದ ಹಿರಿಯರದು. ನಡುವೆ ಹತ್ತಾರು ಹೆಸರು ಇರಬಹುದು. ಸ್ಕ್ಯಾನ್ ಸಂಶೋಧನೆಯಲ್ಲಂತೂ ಲೆಕ್ಕ ಬೇಗ ಏರುತ್ತದೆ. ಒಮ್ಮೆ ನೂರು ಜನರ ಎಂಆರ್‌ಐ ಕೂಡಿಟ್ಟರೆ, ಬೇರೆ ಬೇರೆ ಪ್ರಶ್ನೆ ಹಾಕಿಕೊಂಡು ಅದರಿಂದಲೇ ನಾಲ್ಕೈದು ಪೇಪರ್ ಬರೆಯಬಹುದು. ಅದರಲ್ಲಿ ತಪ್ಪೇನಿಲ್ಲ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಎಂಬ ಅಳತೆ ತಂದರು. ಒಬ್ಬರ 20 ಪೇಪರ್‌ಗಳನ್ನು ಸಂಶೋಧಕರು ತಲಾ 20 ಸಲವಾದರೂ ಉಲ್ಲೇಖಿಸಿದ್ದರೆ ಅವರ ಅಂಕ 20. ಬರೀ ಎಣಿಕೆಗಿಂತ ಇದು ವಾಸಿ. ಆದರೂ ಆ ಡಾಕ್ಟರು ಏನನ್ನು ಕಂಡರು ಎಂಬುದನ್ನು ಈ ಅಂಕ ಹೇಳುವುದಿಲ್ಲ.

ನಾನು ದೊಡ್ಡಮ್ಮನಿಗೆ ಇದೇ ಊರಿನ ಡಾ. ನೋಶಿರ್ ವಾಡಿಯಾ ಅವರ ಕಥೆ ಹೇಳಿದೆ. ಜೆ.ಜೆ. ಆಸ್ಪತ್ರೆಯಲ್ಲಿ ದುಡಿದ ನರರೋಗ ತಜ್ಞರು. 1971ರಲ್ಲಿ ಅವರು ಮತ್ತು ಸ್ವಾಮಿ ಎಂಬ ಸಹೋದ್ಯೋಗಿ ‘ಬ್ರೇನ್’ ಎಂಬ ವಿಜ್ಞಾನ ಪತ್ರಿಕೆಯಲ್ಲಿ ಒಂಬತ್ತು ಕುಟುಂಬಗಳ ಬಗ್ಗೆ ಬರೆದರು. ಈ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದು ಕಾಯಿಲೆ ಇಳಿದು ಬರುತ್ತಿತ್ತು. ಮೊದಲು ನಡಿಗೆ ತೂರಾಡುತ್ತದೆ. ಆಮೇಲೆ ಮಾತು ತೊದಲುತ್ತದೆ. ಇಂಥ ಕಾಯಿಲೆಗಳು ಡಾಕ್ಟರುಗಳಿಗೆ ಹೊಸವಲ್ಲ. ವಾಡಿಯಾ ಗಮನಿಸಿದ್ದು ಈ ರೋಗಿಗಳ ಕಣ್ಣನ್ನು.

ನಾವು ಒಂದು ಕಡೆಯಿಂದ ಇನ್ನೊಂದು ಕಡೆ ನೋಡುವಾಗ ಕಣ್ಣು ಜಾರುವುದಿಲ್ಲ, ಜಿಗಿಯುತ್ತದೆ. ಸಣ್ಣ ಜಿಗಿತ ಸೆಕೆಂಡಿನ ಇಪ್ಪತ್ತರಲ್ಲೊಂದು ಭಾಗದಲ್ಲಿ ಮುಗಿದಿರುತ್ತದೆ. ಈ ರೋಗಿಗಳ ಕಣ್ಣು ಮಾತ್ರ ನಿಧಾನವಾಗಿ, ತೆವಳಿದಂತೆ ಸಾಗುತ್ತಿತ್ತು. ಜಿಗಿತಕ್ಕೆ ಆಜ್ಞೆ ಕೊಡುವ ನರಕೋಶಗಳು ಮೆದುಳಿನ ಕಾಂಡದಲ್ಲಿವೆ. ಅವು ಸೊರಗಿದರೆ ಕಣ್ಣಿನ ವೇಗ ಹೋಗುತ್ತದೆ.

ಆಗ ಮೆದುಳಿನ ಒಳಗೆ ಇಣುಕುವ ಸ್ಕ್ಯಾನ್ ಅವರ ಕೈಯಲ್ಲಿರಲಿಲ್ಲ. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ನಡೆದದ್ದೇ ಅದೇ 1971ರ ಅಕ್ಟೋಬರ್ 1ರಂದು. ಅದೇ ವರ್ಷ ಮುಂಬೈಯಲ್ಲಿ ಕಣ್ಣು ಕೆಂಪಾಗುವ ಸಾಂಕ್ರಾಮಿಕವೂ ಹಬ್ಬಿತ್ತು. ಕಣ್ಣು ವಾಸಿಯಾದ ಕೆಲವರಿಗೆ ಆಮೇಲೆ ಕಾಲಿನ ಶಕ್ತಿ ಉಡುಗಿಹೋಯಿತು. ಎರಡಕ್ಕೂ ನಂಟಿದೆ ಎಂದು ಜಗತ್ತಿಗೆ ತಿಳಿಸಿದ ಮೊದಲಿಗರಲ್ಲಿ ವಾಡಿಯಾ ಕೂಡ ಒಬ್ಬರು. ಎದುರು ಕೂತ ರೋಗಿಯನ್ನು ಇಷ್ಟು ತಾಳ್ಮೆಯಿಂದ ನೋಡುವವರ ಬಗ್ಗೆ ನನಗೆ ತುಂಬಾ ಗೌರವ.

1996ರಲ್ಲಿ ವಿಜ್ಞಾನಿಗಳಿಗೆ, ನಡಿಗೆ ತೂರಾಡಿ ಕಣ್ಣು ನಿಧಾನವಾಗುವ ಇಂಥದ್ದೇ ಒಂದು ವಂಶಪಾರಂಪರ್ಯ ಕಾಯಿಲೆಯ, ಎಸ್‌ಸಿಎ2ರ, ಜೀನ್ ಸಿಕ್ಕಿತು. ಆ ಜೀನಿನಲ್ಲಿ ಸಿ-ಎ-ಜಿ ಎಂಬ ಡಿಎನ್‌ಎಯ ಮೂರು ಅಕ್ಷರ ಮತ್ತೆ ಮತ್ತೆ ಬರುತ್ತದೆ. ಹೆಚ್ಚಿನವರಲ್ಲಿ ಸುಮಾರು 22 ಸಲ. 33 ಅಥವಾ ಅದಕ್ಕಿಂತ ಹೆಚ್ಚಾದರೆ ಕಾಯಿಲೆ ಬರಬಹುದು. ಸಲ ಜಾಸ್ತಿಯಾದಷ್ಟೂ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ. ಈಗಿನ ಎಂಆರ್‌ಐಯಲ್ಲಿ ಇಂಥವರ ಕಿರುಮೆದುಳು, ಮೆದುಳಿನ ಕಾಂಡ ಕುಗ್ಗಿರುವುದು ಕಣ್ಣಿಗೆ ಕಾಣುತ್ತದೆ.

1998ರಲ್ಲಿ, ಎಪ್ಪತ್ತು ದಾಟಿದ ವಾಡಿಯಾ ಅದೇ ‘ಬ್ರೇನ್’ ಪತ್ರಿಕೆಗೆ ಮರಳಿದರು. ಈ ಸಲ ಎಸ್‌ಸಿಎ2 ಇರುವ ಆರು ಭಾರತೀಯ ಕುಟುಂಬಗಳ ಜೀನ್ ವರದಿ ಅವರ ಕೈಯಲ್ಲಿತ್ತು. ರೋಗ ಗುರುತಿಸಲು ಆ ನಿಧಾನದ ಕಣ್ಣು ಎಷ್ಟು ಮುಖ್ಯ ಎಂದು ಮತ್ತೆ ಬರೆದರು. ಎರಡು ಪೇಪರ್, ನಡುವೆ 27 ವರ್ಷ.

“ಹಾಗಾದ್ರೆ ನಮ್ಮ ಡಾಕ್ಟರದ್ದೂ ಹಳೇದರಿಂದ ನೋಡು” ಎಂದರು ದೊಡ್ಡಮ್ಮ. ಅವರ ಪೇಪರ್‌ಗಳ ಪಟ್ಟಿಯನ್ನು ತಿರುಗಿಸಿ ನೋಡಿದೆ. ಇನ್ನೂರರಲ್ಲಿ ಆರೇಳು ಪೇಪರ್ ಸಮತೋಲ ತಪ್ಪುವ ಕಾಯಿಲೆಯ ಬಗ್ಗೆಯೇ ಇದ್ದವು. ಮೊದಲನೆಯದು ಅವರು ಇನ್ನೂ ಕಲಿಯುತ್ತಿದ್ದಾಗ ಬರೆದದ್ದು, ಕೊನೆಯದು ಹೋದ ವರ್ಷದ್ದು.

ಮರುದಿನ ಆ ಡಾಕ್ಟರು ಎಂಆರ್‌ಐ ಕವರನ್ನು ಮೇಜಿನ ಮೇಲಿಟ್ಟು, ಎರಡು ಬೆರಳು ಎತ್ತಿ ಹಿಡಿದು, “ಕಾಕಾ, ಇದನ್ನು ನೋಡಿ. ಈಗ ಇದನ್ನು” ಎಂದರು.