ಕರ್ಸರ್ ಎಂಬ ಬೆರಳು

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನನ್ನ ಭಾವಮೈದುನ ಟೊಮ್ಯಾಟೊ ಮಂಡಿ ನಡೆಸುತ್ತಾನೆ. ಯಾವ ರೈತರಿಂದ ಎಷ್ಟು ಬಾಕ್ಸ್ ಬಂತು, ಯಾವ ದರಕ್ಕೆ ಹೋಯಿತು ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿಕೊಡಬೇಕೆಂದು ಒಮ್ಮೆ ಹಟ ಹಿಡಿದ. ಎಸ್‌ಕ್ಯೂಲೈಟ್ ಡೇಟಾಬೇಸಿನಲ್ಲಿ ಕೋಷ್ಟಕ ಮಾಡಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾಲ್ಕು ಸಾಲು ಬರೆದೆ. ಇವತ್ತಿನ ಲಾಟುಗಳನ್ನೆಲ್ಲ ಕೇಳು, ಬಂದ ಉತ್ತರಕ್ಕೆ 'ಪಟ್ಟಿ' ಎಂದು ಹೆಸರಿಡು, ತೆರೆಯ ಮೇಲೆ ತೋರಿಸು. ಅಷ್ಟೇ. ಗುಂಡಿ ಒತ್ತಿದರೆ ರೈತರ ಹೆಸರೂ ಇಲ್ಲ, ಬಾಕ್ಸಿನ ಲೆಕ್ಕವೂ ಇಲ್ಲ. 'ಎಸ್‌ಕ್ಯೂಲೈಟ್3 ಕರ್ಸರ್ ಆಬ್ಜೆಕ್ಟ್' ಎಂಬ ಒಂದೇ ಸಾಲು, ಅದರ ಬಾಲಕ್ಕೆ ಅಕ್ಷರವೂ ಅಂಕಿಯೂ ಬೆರೆತ ಒಂದು ವಿಳಾಸ. ಭಾವಮೈದುನ ಕನ್ನಡಕ ಸರಿಮಾಡಿಕೊಂಡು ನೋಡಿ, "ಭಾವ, ಈ ರೈತರು ಯಾವ ಊರಿನವರು?" ಎಂದ.

ಆ ರೈತರ ಪರಿಚಯವೇ ಈ ಬರಹ.

ಕರ್ಸರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಓಡುವವನು. ಕ್ಯಾಲ್ಕುಲೇಟರ್ ಬರುವುದಕ್ಕೆ ಮುಂಚೆ ಎಂಜಿನಿಯರುಗಳು ಬಳಸುತ್ತಿದ್ದ ಸ್ಲೈಡ್ ರೂಲಿನ ಮೇಲೆ, ನಡುವೆ ಕೂದಲೆಳೆಯ ಗೆರೆಯಿದ್ದ ಪಾರದರ್ಶಕ ತುಂಡೊಂದು ಅತ್ತಿತ್ತ ಸರಿಯುತ್ತಿತ್ತು. ಅದಕ್ಕೂ ಕರ್ಸರ್ ಎಂದೇ ಹೆಸರು. ಈಗ ಬರೆಯುವಾಗ ತೆರೆಯ ಮೇಲೆ ಮಿಣುಕುವ ಗೆರೆಯೂ ಅದೇ ವಂಶದ್ದು. ಈ ಎರಡರಲ್ಲೂ ಇರುವ ಅರ್ಥ ಒಂದೇ: ಸದ್ಯ ನಾವು ಎಲ್ಲಿದ್ದೇವೆ ಎಂಬ ಗುರುತು. ಡೇಟಾಬೇಸಿನ ಕರ್ಸರ್ ಕೂಡ ಇಷ್ಟೇ. ನಮ್ಮ ಪ್ರಶ್ನೆಗೆ ಸಿಕ್ಕ ಸಾಲುಗಳಲ್ಲಿ ಈವರೆಗೆ ಎಷ್ಟು ಓದಿದ್ದೇವೆ, ಮುಂದಿನದು ಯಾವುದು ಎಂದು ನೆನಪಿಟ್ಟುಕೊಳ್ಳುವ ಬೆರಳು ಅದು. ಮಂಡಿಯ ರೈಟರು ದಪ್ಪ ಲೆಕ್ಕದ ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿಸುತ್ತಾ ಓದುತ್ತಾರಲ್ಲ, ಅದೇ ಬೆರಳು. ನಾನು 'ಪಟ್ಟಿ' ಎಂದು ಹೆಸರಿಟ್ಟು ಕಾಪಾಡಿಕೊಂಡದ್ದು ಆ ಬೆರಳನ್ನು; ಪುಸ್ತಕದ ಸಾಲುಗಳು ಪುಸ್ತಕದಲ್ಲೇ ಉಳಿದಿದ್ದವು.

ಉತ್ತರವನ್ನೇ ನೇರವಾಗಿ ಕೈಗಿಡಬಾರದೇ, ಈ ಬೆರಳಿನ ಉಪಚಾರವೆಲ್ಲ ಯಾಕೆ ಎಂದು ಅನ್ನಿಸುವುದು ಸಹಜ. ಇದಕ್ಕೆ ಕಾರಣ ಹಳೆಯದು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಎಲ್ಲ ಮಾಹಿತಿಯನ್ನೂ ಸಂಬಂಧಗಳಾಗಿ, ಅಂದರೆ ಕೋಷ್ಟಕಗಳಾಗಿ ನೋಡುವ ವಿಚಾರವನ್ನು ಮಂಡಿಸಿದರು. ಅಲ್ಲಿ ಪ್ರಶ್ನೆಗೆ ಉತ್ತರವಾಗಿ ಬರುವುದು ಮತ್ತೊಂದು ಕೋಷ್ಟಕ: ಮೂರು ಸಾಲಿರಬಹುದು, ಮೂರು ಲಕ್ಷವಿರಬಹುದು. ಆದರೆ ಆ ಕಾಲದ ಕೋಬಾಲ್, ಪಿಎಲ್/ಒನ್ ಭಾಷೆಗಳಿಗೆ ಒಮ್ಮೆಗೆ ಒಂದು ದಾಖಲೆಯನ್ನು ಹಿಡಿದು ಕೆಲಸ ಮಾಡಿ ಅಭ್ಯಾಸ. ಒಬ್ಬರು ಲಾರಿಗಟ್ಟಲೆ ಕೊಡುವವರು, ಇನ್ನೊಬ್ಬರು ಬುಟ್ಟಿ ಹಿಡಿದು ನಿಂತವರು. ಇವರಿಬ್ಬರ ನಡುವೆ ಸೇತುವೆಯಾಗಿ ಬಂದದ್ದು ಕರ್ಸರ್. ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ನಡೆದ ಸಿಸ್ಟಮ್ ಆರ್ ಯೋಜನೆಯಲ್ಲೇ ಅದು ಇತ್ತು. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ 1986ರ ಮಾನಕಕ್ಕೂ ಬಂತು.

ನಮ್ಮ ಯಾರ್ಡಿಗೆ ಬೆಳಿಗ್ಗೆ ಬಂದರೆ ಇದನ್ನು ಕಣ್ಣಾರೆ ಕಾಣಬಹುದು. ಹದಿನೈದು ಕಿಲೋ ಹಿಡಿಯುವ ಬಾಕ್ಸುಗಳ ಅಟ್ಟಿಗಳು ಸಾಲಾಗಿ ನಿಂತಿರುತ್ತವೆ. ಹರಾಜು ಕೂಗುವವರು ಎಲ್ಲ ಅಟ್ಟಿಗಳನ್ನೂ ಒಟ್ಟಿಗೆ ಮಾರುವುದಿಲ್ಲ. ಒಂದು ಲಾಟಿನ ಮುಂದೆ ನಿಲ್ಲುತ್ತಾರೆ, ಕೂಗುತ್ತಾರೆ, ದರ ನಿಂತ ಮೇಲೆ ಮುಂದಿನ ಲಾಟಿಗೆ ನಡೆಯುತ್ತಾರೆ; ವ್ಯಾಪಾರಿಗಳ ಗುಂಪೂ ಅವರ ಹಿಂದೆಯೇ ಸರಿಯುತ್ತದೆ. ಟೊಮ್ಯಾಟೊ ಕಡಲಿನಷ್ಟಿದ್ದರೂ ಈ ಕ್ಷಣದ ವ್ಯವಹಾರ ಒಂದೇ ಲಾಟಿನದು.

ಪೈಥಾನ್‌ನಲ್ಲಿ ಇದರ ಕ್ರಮ ಹೀಗಿದೆ. ಮೊದಲು ಡೇಟಾಬೇಸಿನೊಡನೆ ಸಂಪರ್ಕ, ಅಂದರೆ ಕನೆಕ್ಷನ್. ಅದರಿಂದ ಒಂದು ಕರ್ಸರ್. ಕರ್ಸರಿಗೆ ಎಕ್ಸಿಕ್ಯೂಟ್ ಎಂದು ಹೇಳಿ ಎಸ್‌ಕ್ಯೂಎಲ್ ವಾಕ್ಯವನ್ನು ಕೊಡಬೇಕು. ಇಲ್ಲಿಯವರೆಗೆ ನಮ್ಮ ಕೈಗೆ ಒಂದು ಸಾಲೂ ಬಂದಿರುವುದಿಲ್ಲ. ತರಲು ಮುಖ್ಯವಾಗಿ ಮೂರು ದಾರಿಗಳಿವೆ: ಫೆಚ್‌ಒನ್ ಮುಂದಿನ ಒಂದು ಸಾಲನ್ನು ಕೊಡುತ್ತದೆ, ಮುಗಿದಿದ್ದರೆ 'ನನ್' (None), ಅಂದರೆ ಏನೂ ಇಲ್ಲ, ಎನ್ನುತ್ತದೆ, ಫೆಚ್‌ಮೆನಿ ನಾವು ಹೇಳಿದಷ್ಟು ಸಾಲು ತರುತ್ತದೆ, ಫೆಚ್‌ಆಲ್ ಉಳಿದದ್ದೆಲ್ಲವನ್ನೂ ಒಂದು ಲಿಸ್ಟಿಗೆ ಸುರಿಯುತ್ತದೆ. ನನ್ನ ನಾಲ್ಕು ಸಾಲಿನಲ್ಲಿ ಇಲ್ಲದಿದ್ದದ್ದು ಈ ಫೆಚ್‌ಆಲ್. ವಾಕ್ಯದೊಳಗೆ ರೈತರ ಹೆಸರನ್ನೋ ತಾರೀಕನ್ನೋ ತುಂಬಬೇಕಾದರೆ ಆ ಜಾಗದಲ್ಲಿ ಎಸ್‌ಕ್ಯೂಲೈಟ್‌ಗೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು, ತುಂಬಬೇಕಾದದ್ದನ್ನು ಬೇರೆಯಾಗಿ ಕೊಡಿ. ಅಕ್ಷರಗಳನ್ನು ಅಂಟಿಸಿ ವಾಕ್ಯ ಕಟ್ಟಿದರೆ ಯಾರಾದರೂ ಹೆಸರಿನ ಜಾಗದಲ್ಲಿ ಎಸ್‌ಕ್ಯೂಎಲ್ ತುಣುಕನ್ನೇ ಬರೆದು ನಮ್ಮ ವಾಕ್ಯದ ಅರ್ಥವನ್ನೇ ತಿರುಚಬಹುದು. ಇದರ ಬಗ್ಗೆ ಚರ್ಚೆಗೆ ಜಾಗವಿಲ್ಲ.

'ಉಳಿದದ್ದೆಲ್ಲ' ಎಂದು ಬರೆದದ್ದು ಬೇಕೆಂದೇ. ಬೆರಳು ತಾನಾಗಿ ಹಿಂದಕ್ಕೆ ಬರುವುದಿಲ್ಲ. ಮೊದಲು ಒಂದು ಸುತ್ತು ಓದಿ ಬಾಕ್ಸುಗಳನ್ನು ಕೂಡಿಸಿದೆ, ಆಮೇಲೆ ಅದೇ ಕರ್ಸರನ್ನು ಹಿಡಿದು ಹೆಸರುಗಳನ್ನು ಮುದ್ರಿಸಲು ಹೋದೆ. ಕೆಳಗೆ ಒಟ್ಟು ಲೆಕ್ಕ ಸರಿಯಾಗಿ ಬಂತು, ಮೇಲೆ ಬಿಳಿ ಹಾಳೆ. ಎರಡನೆಯ ಸುತ್ತಿನ ಹೊತ್ತಿಗೆ ಬೆರಳು ಪುಸ್ತಕದ ಕೊನೆಯಲ್ಲಿತ್ತು. ತಪ್ಪು ಎಂದು ಯಾವ ಸಂದೇಶವೂ ಬರಲಿಲ್ಲ, ಏಕೆಂದರೆ ಪೈಥಾನ್ ದೃಷ್ಟಿಯಲ್ಲಿ ಖಾಲಿ ಲಿಸ್ಟ್ ಕೂಡ ಸರಿಯಾದ ಉತ್ತರವೇ.

ಇದಕ್ಕಿಂತ ಚೆನ್ನಾಗಿ ಕಾಡಿದ್ದು ಇನ್ನೊಂದು. ರೈತರ ಹೆಸರುಗಳನ್ನು ಒಂದೊಂದಾಗಿ ಓದುತ್ತಾ, ಪ್ರತಿಯೊಬ್ಬರ ಹೆಸರು ಬಂದಾಗ ಅವರ ಲಾಟುಗಳನ್ನು ಕೇಳುವ ಇನ್ನೊಂದು ಪ್ರಶ್ನೆಯನ್ನು ಅದೇ ಕರ್ಸರಿನಿಂದ ಓಡಿಸಿದೆ. ಮೊದಲ ರೈತರ ಲೆಕ್ಕ ಅಚ್ಚುಕಟ್ಟಾಗಿ ಬಂತು, ಪ್ರೋಗ್ರಾಂ ಅಲ್ಲಿಗೇ ಮುಗಿಯಿತು. ಉಳಿದವರೆಲ್ಲ ಎಲ್ಲಿ ಹೋದರು ಎಂದು ಅರ್ಧ ದಿನ ಹುಡುಕಿದೆ. ಬೆರಳು ಒಂದೇ ಅಲ್ಲವೇ? ಎರಡನೆಯ ಪ್ರಶ್ನೆ ಕೇಳಿದ ಕೂಡಲೇ ಅದು ಹೆಸರುಗಳ ಪುಟ ಬಿಟ್ಟು ಲಾಟುಗಳ ಪುಟಕ್ಕೆ ಹಾರಿತ್ತು, ಹಳೆಯ ಪುಟದ ಗುರುತು ಅಳಿದಿತ್ತು. ಇನ್ನೊಂದು ಕರ್ಸರ್ ತೆಗೆದುಕೊಂಡರೆ ಈ ತೊಡಕು ಬಿಡುತ್ತದೆ. ನಿಜವಾದ ಮದ್ದು ಬೇರೆ: ರೈತರ ಮತ್ತು ಲಾಟುಗಳ ಕೋಷ್ಟಕಗಳನ್ನು ಜಾಯಿನ್ ಮಾಡಿ, ಅಂದರೆ ಬೆಸೆದು, ಒಂದೇ ಪ್ರಶ್ನೆ ಕೇಳುವುದು. ಹಾಗೆ ಕೇಳಲು ಬಾರದವರೇ ಕರ್ಸರಿನ ಮೇಲೆ ಕರ್ಸರ್ ಹೇರುತ್ತಾರೆ. ನಾನೂ ಅವರಲ್ಲಿ ಒಬ್ಬನಾಗಿದ್ದೆ.

ಎಕ್ಸಿಕ್ಯೂಟ್ ಏನನ್ನು ಹಿಂದಿರುಗಿಸಬೇಕು ಎಂಬುದನ್ನು ಪೈಥಾನ್‌ನ ಡೇಟಾಬೇಸ್ ನಿಯಮಾವಳಿ, ಅಂದರೆ ಪೆಪ್ 249, ನಿಗದಿಪಡಿಸಿಯೇ ಇಲ್ಲ. ಹಾಗಾಗಿ ಎಸ್‌ಕ್ಯೂಲೈಟ್‌ನ ಮಾಡ್ಯೂಲ್ ಕರ್ಸರನ್ನೇ ವಾಪಸು ಕೊಡುತ್ತದೆ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿಗೆ ಬಳಸುವ ಸೈಕಾಪ್‌ಜಿ2 'ನನ್' ಕೊಡುತ್ತದೆ, ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಬಳಸುವ ಪೈಮೈಎಸ್‌ಕ್ಯೂಎಲ್ ಸಾಲುಗಳ ಎಣಿಕೆಯನ್ನು ಕೊಡುತ್ತದೆ. ಅದಕ್ಕಾಗಿ ಎಕ್ಸಿಕ್ಯೂಟ್‌ನಿಂದ ಬಂದದ್ದನ್ನು ಉತ್ತರವೆಂದು ಇಟ್ಟುಕೊಳ್ಳುವ ಚಾಳಿಯನ್ನೇ ಬಿಡುವುದು ಕ್ಷೇಮ.

ಸಾಲುಗಳು ಎಲ್ಲಿ ಕಾಯುತ್ತಿರುತ್ತವೆ ಎಂಬುದೂ ಒಂದೇ ತೆರನಲ್ಲ. ಎಸ್‌ಕ್ಯೂಲೈಟ್ ನಾವು ಕೇಳಿದ ಹಾಗೆಲ್ಲ ಕಡತದಿಂದ ಮುಂದಿನ ಸಾಲನ್ನು ಹುಡುಕಿ ಕೊಡುತ್ತದೆ. ಸೈಕಾಪ್‌ಜಿ2ನ ಸಾಮಾನ್ಯ ಕರ್ಸರ್ ಹಾಗಲ್ಲ. ಎಕ್ಸಿಕ್ಯೂಟ್ ಎಂದಾಗಲೇ ಇಡೀ ಉತ್ತರ ಸರ್ವರಿನಿಂದ ನಮ್ಮ ಕಂಪ್ಯೂಟರಿನ ಮೆಮೊರಿಗೆ ಬಂದು ಕುಳಿತಿರುತ್ತದೆ. ಫೆಚ್‌ಒನ್ ಬಳಸಿ ಮಿತವ್ಯಯ ಮಾಡಿದೆವೆಂದು ನಾವು ಅಂದುಕೊಂಡಿರುತ್ತೇವೆ, ಲಾರಿ ಆಗಲೇ ಮನೆ ಮುಂದೆ ಖಾಲಿಯಾಗಿರುತ್ತದೆ. ಸಾಲುಗಳು ಸರ್ವರಿನಲ್ಲೇ ನಿಲ್ಲಬೇಕಾದರೆ ಕರ್ಸರಿಗೆ ಒಂದು ಹೆಸರು ಕೊಟ್ಟು ತೆರೆಯಬೇಕು. ಮಂಡಿಯ ಒಂದು ದಿನದ ಲೆಕ್ಕಕ್ಕೆ ಇದಾವುದೂ ಬೇಡ, ಫೆಚ್‌ಆಲ್ ಸಾಕು. ಐದು ವರ್ಷದ ಲೆಕ್ಕವನ್ನು ಬರೀ ಕೂಡಿಸಲಿಕ್ಕಾಗಿ ಎಳೆದು ತರುವುದಂತೂ ದಂಡ. ಎಸ್‌ಕ್ಯೂಎಲ್‌ನ ಸಮ್ ಎಂಬ ಆಜ್ಞೆ ಅಲ್ಲೇ ಕೂಡಿಸಿ ಒಂದು ಸಾಲು ಕಳಿಸುತ್ತದೆ.

ಆ ಒಂದು ಸಾಲಿಗೂ ಒಂದು ಚೇಷ್ಟೆಯಿದೆ. ಒಟ್ಟು 480 ಬಾಕ್ಸ್ ಇದ್ದರೆ ಫೆಚ್‌ಒನ್ ಬರೀ 480 ಎನ್ನುವುದಿಲ್ಲ; ಆವರಣದೊಳಗೆ 480, ಪಕ್ಕದಲ್ಲಿ ಒಂದು ಅಲ್ಪವಿರಾಮ. ಅದು ಒಂದೇ ಕಾಲಮ್ ಇರುವ ಸಾಲು, ಅಂದರೆ ಟ್ಯೂಪಲ್. ಸಂಖ್ಯೆ ಬೇಕಾದರೆ ಸೊನ್ನೆಯ ಸ್ಥಾನದಲ್ಲಿರುವುದನ್ನು ಎತ್ತಿಕೊಳ್ಳಬೇಕು.

ಫೆಚ್‌ಆಲ್‌ನಿಂದ ಬಂದ ಲಿಸ್ಟನ್ನು ಎಷ್ಟು ಸಲ ಬೇಕಾದರೂ ಓದಬಹುದು, ವಿಂಗಡಿಸಬಹುದು, ರೈತರ ಹೆಸರಿನ ಮೇಲೆ ಡಿಕ್ಷನರಿ, ಅಂದರೆ ಹೆಸರು ಹೇಳಿದರೆ ಲೆಕ್ಕ ಸಿಗುವ ಜೋಡಣೆ, ಕಟ್ಟಿಡಬಹುದು. ಆದರೆ ಅದು ಆ ಹೊತ್ತಿನ ಚಿತ್ರ ಮಾತ್ರ. ನಾನು ಬೆಳಿಗ್ಗೆ ಒಮ್ಮೆ ಓದಿಟ್ಟುಕೊಂಡ ಲಿಸ್ಟಿನಿಂದ ದಿನವಿಡೀ ಚೀಟಿ ಮುದ್ರಿಸುವ ಹಾಗೆ ಮಾಡಿದ್ದೆ. ಹತ್ತೂವರೆಗೆ ರೈಟರು ಒಂದು ಲಾಟಿನ ದರವನ್ನು ತಿದ್ದಿದರು. ಡೇಟಾಬೇಸಿನಲ್ಲಿ ದರ ಬದಲಾಯಿತು, ಚೀಟಿಯಲ್ಲಿ ಹಳೆಯ ದರವೇ ಬಂತು. ರೈತರು ಚೀಟಿಯನ್ನು ಮೇಜಿನ ಮೇಲಿಟ್ಟು ಬೆರಳು ತೋರಿಸಿದಾಗ ಭಾವಮೈದುನ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಈಗ ಪ್ರತಿ ಚೀಟಿಗೂ ಮುನ್ನ ಹೊಸದಾಗಿ ಎಕ್ಸಿಕ್ಯೂಟ್, ಹೊಸದಾಗಿ ಫೆಚ್‌ಆಲ್.

ಒಂದು ರಜೆಯ ದಿನ ಲಾಟೇ ಬರಲಿಲ್ಲ. ಸಾಲೇ ಇಲ್ಲದಿದ್ದರೆ ಸಮ್ ಸೊನ್ನೆಯನ್ನು ಕೊಡುವುದಿಲ್ಲ, ನಲ್ (NULL) ಎಂಬ 'ಏನೂ ಇಲ್ಲ'ದ ಗುರುತನ್ನು ಕೊಡುತ್ತದೆ. ಪೈಥಾನ್ ಅದನ್ನು 'ನನ್' ಎಂದು ಮುದ್ರಿಸಿತು. "ಒಟ್ಟು ಬಾಕ್ಸ್: ನನ್" ಎಂಬ ಆ ಹಾಳೆಯನ್ನು ಭಾವಮೈದುನ ಮಂಡಿಯ ಗೋಡೆಗೆ ಅಂಟಿಸಿದ್ದಾನೆ.